ನಾನು ಬರೆದ, ನಾನು ಸಹಿ ಹಾಕದ ಅರ್ಜಿ

ಆ ವರ್ಷ ಮಲೇಷಿಯಾದ ಪುಚೊಂಗಿನ ನಮ್ಮ ಕಟ್ಟಡದವರು ತಮಗೆ ಕೋವಿಡ್ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಸಂಜೆ ಐದೂವರೆಗೆ ಬಾಲ್ಕನಿಗೆ ಬಂದು ಗಾಳಿ ಮೂಸುತ್ತಿದ್ದರು. ಹಿಂದಿನ ರಸ್ತೆಯಲ್ಲೊಂದು ಹಳೆ ಪ್ಲಾಸ್ಟಿಕ್ಕಿನ ಯಾರ್ಡ್. ಕರಗಿಸಲು ಬಾರದ ಕಸಕ್ಕೆಲ್ಲ ಆ ಹೊತ್ತಿಗೆ ಬೆಂಕಿ ಇಡುತ್ತಿದ್ದರು. ಸುಟ್ಟ ಬಕೆಟ್ಟಿನಂಥ ನಾತ ಮೂಗಿಗೆ ಬಡಿದರೆ ಸದ್ಯ, ಮೂಗು ನೆಟ್ಟಗಿದೆ ಎಂದರ್ಥ. ಬಡಿಯದಿದ್ದರೆ ಕಷ್ಟ. ‘ನನಗೆ ಬಂತು, ನಿಮಗೆ ಬಂತಾ ಲಾ’ ಎಂದು, ಇಲ್ಲಿಯವರ ಮಾತಿನ ಬಾಲದ ‘ಲಾ’ ಸೇರಿಸಿ, ವಾಟ್ಸಾಪ್ ಗುಂಪಿನಲ್ಲಿ ದಿನಾ ತಮಾಷೆ. ನಾನೂ ಮೂಸಿದವಳೇ. ಸುಳ್ಳೇಕೆ ಹೇಳಲಿ, ಆ ನಾತ ಬಂದಾಗ ನನಗೂ ಒಂದು ಕ್ಷಣ ಸಮಾಧಾನವಾಗುತ್ತಿತ್ತು. ಮೊದಮೊದಲು ಅದು ಡೆಂಗಿ ಸೊಳ್ಳೆಗೆ ಹೊಡೆಯುವ ಹೊಗೆ ಎಂದೇ ಎಲ್ಲರೂ ನಂಬಿ, ಪರವಾಗಿಲ್ಲ, ನಗರಸಭೆಯವರು ಲಾಕ್‌ಡೌನಿನಲ್ಲೂ ಕೆಲಸ ಮಾಡುತ್ತಿದ್ದಾರೆ ಎಂದು ಮೆಚ್ಚಿಕೊಂಡಿದ್ದೂ ಉಂಟು.

ನಾನು ಕಾನೂನು ಪಾಠ ಹೇಳುವವಳು. ಊರು ಮೈಸೂರು. ನಿಲಾಯ್‌ನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ನನ್ನ ವಿಷಯ ಯುರೋಪಿನ ಪರಿಸರ ಕಾನೂನು. ಮೈಸೂರಿನವಳು ಮಲೇಷಿಯಾದಲ್ಲಿ ಕೂತು ಯುರೋಪಿನ ಕಾನೂನು ಹೇಳಿಕೊಡುವುದೇ ಎಂದು ನಗುವವರಿದ್ದರೆ ನಗಲಿ. ಇಲ್ಲಿಂದ ಹೋಗುವ ತಾಳೆ ಎಣ್ಣೆಗೆ, ರಬ್ಬರಿಗೆ, ಮರದ ಕುರ್ಚಿಗೆ ಅಲ್ಲಿನ ಕಾನೂನು ಅಂಟಿಕೊಂಡೇ ಇರುತ್ತದೆ. ನನ್ನ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನ ನಾಳೆ ಅಂಥದೇ ಕಂಪನಿಗಳಲ್ಲಿ ಕೂತು ಆ ಕಾಗದಗಳನ್ನು ತುಂಬುವವರು. ಲಾಕ್‌ಡೌನ್ ಬಂದಮೇಲೆ ಪಾಠವೆಲ್ಲ ಮಲಗುವ ಕೋಣೆಯಿಂದಲೇ. ಕಪಾಟಿನ ಮುಂದೆ ಒಂದು ಸೀರೆ ಇಳಿಬಿಟ್ಟು, ಅದರ ಮುಂದೆ ಕೂತು ಯುರೋಪಿನ ಒಕ್ಕೂಟದ ಮೂಲ ಒಪ್ಪಂದದ ತತ್ತ್ವಗಳನ್ನು ಹೇಳುತ್ತಿದ್ದೆ. ಹಾನಿ ಪೂರ್ತಿ ರುಜುವಾತಾಗಲಿ ಎಂದು ಕಾಯುತ್ತ ಕೂರಬಾರದು. ಕೊಳೆಯನ್ನು ಅದು ಹುಟ್ಟಿದ ಜಾಗದಲ್ಲೇ ಸರಿಪಡಿಸಬೇಕು. ಕೊಳೆ ಮಾಡಿದವನೇ ಅದಕ್ಕೆ ತೆರಬೇಕು. ಈ ಮಾತುಗಳನ್ನು ಹೇಳುವಾಗ ನನ್ನ ದನಿ ತಂತಾನೇ ಏರುತ್ತಿತ್ತು. ಬೇರೆ ದೇಶದವರ ಮಗುವನ್ನು ಎತ್ತಿಕೊಂಡು ಮೆರೆಸಿದ ಹಾಗೆ ಎಂದು ನನ್ನ ಗಂಡ ಕಾಲೆಳೆಯುತ್ತಿದ್ದರು. ಅವರು ಉಡುಪಿಯವರು, ವೈದ್ಯಕೀಯ ಕಾಲೇಜಿನಲ್ಲಿ ಮೇಷ್ಟ್ರು.

ನಮ್ಮ ಎದುರುಮನೆಯಲ್ಲಿ ಒಂದು ತಮಿಳು ಸಂಸಾರವಿತ್ತು. ಗಂಡ, ಹೆಂಡತಿ, ಎಂಟು ವರ್ಷದ ಮಗಳು. ಹೆಂಡತಿಯನ್ನು ನಾನು ಅಕ್ಕ ಅನ್ನುತ್ತಿದ್ದೆ, ಅವರು ನನ್ನನ್ನು ಟೀಚರ್ ಅನ್ನುತ್ತಿದ್ದರು. ಅವರ ಹಿರಿಯರು ರಬ್ಬರ್ ತೋಟಕ್ಕೆಂದು ಬಂದವರು. ನಮ್ಮ ಮಾತು ಅರ್ಧ ತಮಿಳು, ಅರ್ಧ ಇಂಗ್ಲಿಷ್, ನಡುವೆ ಒಂದಿಷ್ಟು ಮಲಯ. ಆದರೂ ಅವರ ಮಾತೆಲ್ಲ ನನಗೆ ಕನ್ನಡದಲ್ಲೇ ನೆನಪಿದೆ, ಏಕೋ ಗೊತ್ತಿಲ್ಲ. ಅಕ್ಕನ ಗಂಡ ಆ ಯಾರ್ಡಿನಲ್ಲೇ ಫೋರ್ಕ್‌ಲಿಫ್ಟ್ ಓಡಿಸುತ್ತಿದ್ದರು. ಮೂಟೆಗಳನ್ನು ಲಾರಿಯಿಂದ ಇಳಿಸುವುದು, ಪೇರಿಸುವುದು. ಎಲ್ಲರ ಕೆಲಸವೂ ನಿಂತುಹೋದ ಕಾಲದಲ್ಲಿ ಅವರ ಕೆಲಸ ನಿಂತಿರಲಿಲ್ಲ.

ಮಗಳಿಗೆ ಉಬ್ಬಸ. ಹೊಗೆ ಏಳುವ ಸಂಜೆಗಳಲ್ಲಿ ಅವರ ಮನೆಯಿಂದ ನೆಬ್ಯುಲೈಜರಿನ ಗುರ್ ಸದ್ದು ನಮ್ಮ ಬಾಗಿಲವರೆಗೆ ಬರುತ್ತಿತ್ತು. ಒಂದು ದಿನ ಅಕ್ಕ ಮಗುವನ್ನು ಎತ್ತಿಕೊಂಡೇ ನಮ್ಮ ಮನೆಗೆ ಬಂದುಬಿಟ್ಟರು. ಹುಡುಗಿಯ ಪಕ್ಕೆಲುಬು ಒಂದೊಂದೂ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ನನ್ನ ಗಂಡ ಮಾಸ್ಕ್ ಮೇಲೆ ಮಾಸ್ಕ್ ಹಾಕಿಕೊಂಡು ನೋಡಿ, ಔಷಧಿ ಹೆಚ್ಚಿಸಿ, ಒಂದು ಗಂಟೆ ಅವಳ ಪಕ್ಕದಲ್ಲೇ ಕೂತರು. ಆಸ್ಪತ್ರೆಗಳು ಕೋವಿಡ್ ರೋಗಿಗಳಿಂದ ತುಂಬಿದ್ದವು. ಅಲ್ಲಿಗೆ ಕರೆದೊಯ್ದರೆ ಒಂದು ಹೋಗಿ ಇನ್ನೊಂದು ಆಗುವ ಭಯ. ಹೊಗೆ ನಿಲ್ಲದೆ ಈ ಔಷಧಿಯಿಂದ ಏನೂ ಆಗದು, ಪ್ರತಿಸಲವೂ ಹೀಗೆ ಸುಧಾರಿಸುತ್ತದೆ ಎಂದು ಹೇಳಲೂ ಆಗದು ಎಂದು ಅವರು ಅಕ್ಕನಿಗೆ ನೇರವಾಗಿ ಹೇಳಿದರು. ಅಕ್ಕ ಮಗಳ ಬೆನ್ನು ನೀವುತ್ತ ಕೂತರು. ಗಂಡ ದುಡಿಯುವ ಜಾಗದ ಹೊಗೆ ಮಗಳ ಎದೆಗೆ ಕೂರುತ್ತಿದೆ.

ಆ ಹುಡುಗಿಯ ಹತ್ತಿರ ಬಣ್ಣಬಣ್ಣದ ಮುಚ್ಚಳಗಳ ಒಂದು ಡಬ್ಬಿಯಿತ್ತು. ಅಪ್ಪ ಯಾರ್ಡಿನಿಂದ ತಂದು, ತೊಳೆದು ಕೊಟ್ಟದ್ದು. ಚೇತರಿಸಿಕೊಂಡ ಮೇಲೆ ಒಂದು ಬೆಳಿಗ್ಗೆ ಕಾರಿಡಾರಿನಲ್ಲಿ ಅವನ್ನು ಸಾಲಾಗಿ ಜೋಡಿಸಿ, ‘ಆಂಟಿ, ಇದೇನು ಬರೆದಿದೆ’ ಎಂದು ಕೇಳಿದಳು. ಬಗ್ಗಿ ನೋಡಿದೆ. ಒಂದರ ಮೇಲೆ ಜರ್ಮನ್, ಒಂದರ ಮೇಲೆ ಡಚ್. ಅಕ್ಷರದ ತಲೆಯ ಮೇಲೆ ಎರಡು ಚುಕ್ಕಿ ಇಟ್ಟ ಮೊಸರಿನ ಹೆಸರು. ನನಗೆ ಮೂಗಿನ ತುದಿಯಲ್ಲೇ ಸಿಟ್ಟು, ಅದು ಮನೆಮಂದಿಗೆಲ್ಲ ಗೊತ್ತು. ಅವತ್ತು ಬಂದ ಸಿಟ್ಟು ಮಾತ್ರ ಕಾಲಿನಿಂದ ಏರಿತು. ಬೇರ್ಪಡಿಸದ ಕೊಳಕು ಪ್ಲಾಸ್ಟಿಕ್ಕನ್ನು ನಮ್ಮಂಥ ದೇಶಗಳಿಗೆ ಸಾಗಿಸಕೂಡದು ಎಂದು ಒಕ್ಕೂಟ ಆ ಜನವರಿಯಿಂದ ನಿಯಮವನ್ನು ಬಿಗಿ ಮಾಡಿತ್ತು. ಅದನ್ನು ನಾನು ಹಬ್ಬದ ಊಟ ಬಡಿಸಿದ ಹಾಗೆ ಹುಡುಗರಿಗೆ ಪಾಠ ಮಾಡಿದ್ದೆ. ಈ ಮುಚ್ಚಳಗಳು ಜನವರಿಗೆ ಮುಂಚೆ ಬಂದವೋ ಆಮೇಲೆ ಬಂದವೋ, ಶುದ್ಧ ಮಾಲು ಎಂಬ ಚೀಟಿ ಅಂಟಿಸಿಕೊಂಡು ಬಂದವೋ, ಮುಚ್ಚಳ ನೋಡಿದರೆ ತಿಳಿಯುವಂತಿರಲಿಲ್ಲ. ಆದರೆ ನಾನು ಹೊಗಳುವ ಕಾನೂನಿನವರು ತಿಂದು ಬಿಟ್ಟ ಮೊಸರಿನ ಡಬ್ಬಿ ಇಲ್ಲಿ ಈ ಕೂಸಿನ ಎದೆ ಸುಡುತ್ತಿದೆಯಲ್ಲ ಎಂದು ಹೊಟ್ಟೆ ಉರಿಯಿತು.

ಅದೇ ಉರಿಯಲ್ಲಿ ಕೂತು ಅರ್ಜಿ ಬರೆದೆ. ಕಟ್ಟಡದ ಗುಂಪಿನವರೇ, ಟೀಚರ್ ಕಾನೂನು ಓದಿದವರು, ಅವರೇ ಬರೆಯಲಿ ಎಂದು ವಾರದಿಂದ ಹೇಳುತ್ತಿದ್ದರು. ಪರಿಸರ ಇಲಾಖೆಗೆ ಎರಡು ಪುಟ. ಈ ದೇಶದ ಕಾನೂನಿನ ಕಲಮುಗಳನ್ನು ಹುಡುಕಿ ಹಾಕಿದೆ. ಎಷ್ಟು ಹೊತ್ತಿಗೆ ಬೆಂಕಿ, ಗಾಳಿ ಯಾವ ಕಡೆಗೆ, ಎಷ್ಟು ಮಕ್ಕಳಿದ್ದಾರೆ, ಎಲ್ಲ ಬರೆದೆ. ಕೊನೆಗೆ ಒಂದೇ ಬೇಡಿಕೆ: ಸುಡುವುದು ನಿಲ್ಲಬೇಕು. ಓದಿ ನೋಡಿದಾಗ ನನಗೇ ಬೀಗುವಂತಾಯಿತು. ಅಷ್ಟು ಚೊಕ್ಕವಾದ ಅರ್ಜಿಯನ್ನು ನನ್ನ ವಿದ್ಯಾರ್ಥಿಯೊಬ್ಬ ಬರೆದಿದ್ದರೆ ತೊಂಬತ್ತು ಕೊಡುತ್ತಿದ್ದೆ.

ಅಕ್ಕ ಬಂದು, ಅದರಲ್ಲೇನಿದೆ ಎಂದು ತಮಿಳಿನಲ್ಲಿ ಹೇಳಿಸಿಕೊಂಡರು. ಬಾಗಿಲ ಆಚೆ ಅವರು, ಈಚೆ ನಾನು, ನಡುವೆ ಆರಡಿ. ಇಲಾಖೆಯವರು ಬರೀ ಬೆಂಕಿ ನಿಲ್ಲಿಸುತ್ತಾರೋ ಅಥವಾ ಯಾರ್ಡನ್ನೇ ಮುಚ್ಚಿಸುತ್ತಾರೋ ಎಂದು ಕೇಳಿದರು. ಎರಡೂ ಆಗಬಹುದು ಎಂದೆ. ಅಕ್ಕ ಹೇಳಿದರು:

“ಬೆಂಕಿ ನಿಲ್ಲಿಸಿ ಅಂತ ಬರ್ದಿದ್ದೀರಿ, ಸರಿ. ಕೆಲಸದವ್ರನ್ನ ತೆಗೀಬೇಡಿ ಅಂತಾನೂ ಒಂದ್ ಲೈನ್ ಹಾಕಿ ಟೀಚರ್.”

ನಾನು ಹಾಕಲಿಲ್ಲ. ಮೆತ್ತಗೇ ವಿವರಿಸಿದೆ. ಅರ್ಜಿಯಲ್ಲಿ ಬೇಡಿಕೆ ಒಂದೇ ಇದ್ದರೆ ಬಲ, ಎರಡಾದರೆ ಬಲ ಹಂಚಿಹೋಗುತ್ತದೆ. ಕೆಲಸಗಾರರ ವಿಷಯ ಪರಿಸರ ಇಲಾಖೆಯದಲ್ಲ, ಅದು ಬೇರೆ ಕಚೇರಿ. ಎಲ್ಲವೂ ಸರಿಯಾದ ಮಾತೇ. ಅದೇ ವಾರ ನಾನು ತರಗತಿಯಲ್ಲಿ, ಹಸಿರಿನ ಕಡೆಗೆ ಹೊರಳುವಾಗ ದುಡಿಯುವವರನ್ನು ಕೈಬಿಡಬಾರದು ಎಂದು ಯುರೋಪಿನವರು ಈಚೆಗೆ ಕಾನೂನಿನಲ್ಲೇ ಸೇರಿಸುತ್ತಿದ್ದಾರೆಂದು ಒಂದು ಸ್ಲೈಡ್ ತೋರಿಸಿದ್ದೆ. ಆ ಸ್ಲೈಡಿನ ಮಾತನ್ನೇ ಅಕ್ಕ ಒಂದು ಸಾಲಿನಲ್ಲಿ ಹೇಳಿದ್ದರು. ನನಗೆ ಹೊಳೆಯಲಿಲ್ಲ. ನನ್ನ ಅರ್ಜಿಯ ಅಂದ ಕೆಡುತ್ತದೆ ಎಂಬುದಷ್ಟೇ ಹೊಳೆದಿತ್ತು. ಅಕ್ಕ, ನಿಮಗೆ ಗೊತ್ತಿರುತ್ತೆ ಬಿಡಿ ಎಂದು ಹೋದರು.

ಅರ್ಜಿಯನ್ನು ಕೆಳಗೆ ಕಾವಲುಗಾರರ ಕೋಣೆಯ ಮೇಜಿನ ಮೇಲಿಟ್ಟೆವು. ಪಕ್ಕದಲ್ಲಿ ಸ್ಯಾನಿಟೈಸರ್ ಬಾಟಲಿ, ದಾರ ಕಟ್ಟಿದ ಪೆನ್ನು. ಹೆಸರು, ಗುರುತಿನ ಚೀಟಿಯ ಸಂಖ್ಯೆ, ಫೋನು, ಸಹಿ. ಗುಂಪಿನಲ್ಲಿ ಹೆಬ್ಬೆರಳಿನ ಚಿತ್ರಗಳ ಸುರಿಮಳೆ. ಕಾಗದದ ಮೇಲೆ ಮೂರು ದಿನವಾದರೂ ಒಂದು ಗೆರೆ ಬೀಳಲಿಲ್ಲ. ಯಾರ್ಡಿನ ಯಜಮಾನ ಲಾಕ್‌ಡೌನಿನ ಮೊದಲಲ್ಲಿ ಕಟ್ಟಡಕ್ಕೆಲ್ಲ ಅಕ್ಕಿ, ಮೊಟ್ಟೆ ಹಂಚಿದ್ದ. ಉಪ್ಪು ತಿಂದ ಮನೆಗೆ ಎರಡು ಬಗೆಯುವುದು ಹೇಗೆ ಎಂದು ಕೆಲವರು. ಎಲ್ಲರಿಗೂ ಆಗುವ ತೊಂದರೆ, ನಾನೇ ಯಾಕೆ ಮೊದಲು ಎಂದು ಉಳಿದವರು. ಬೆಕ್ಕಿಗೆ ಗಂಟೆ ಕಟ್ಟುವ ಕಥೆ.

ನಾನೇಕೆ ಹಾಕಲಿಲ್ಲ? ಹಾಕಬೇಕೆಂದೇ ಇದ್ದೆ. ಆದರೆ ಪರದೇಶದವರು ಇಲ್ಲಿ ದುಡಿಯಲು ಬೇಕಾದ ನಮ್ಮಿಬ್ಬರ ಕೆಲಸದ ಪಾಸು ಆ ತಿಂಗಳು ನವೀಕರಣಕ್ಕೆ ಹೋಗಿತ್ತು. ಪಾಸಿಲ್ಲದಿದ್ದರೆ ಕೆಲಸವಿಲ್ಲ, ಮನೆಯಿಲ್ಲ, ವಿಮಾನಗಳೂ ಹಾರದ ಕಾಲ. ನನ್ನ ಗಂಡ ಚಪಾತಿ ಮುರಿಯುತ್ತ ಹೇಳಿದರು:

“ಬರ್ದು ಕೊಟ್ಟದ್ದು ಸಾಕು ಮಾರಾಯ್ತಿ. ಸಹಿ ಇಲ್ಲಿಯವ್ರು ಹಾಕ್ಲಿ. ನಾವು ಪಾಸಿನ ಮೇಲೆ ಇರುವವ್ರು, ನಮ್ಗೆ ಎಂತಕ್ಕೆ?”

ಅರ್ಜಿಗೆ ಸಹಿ ಹಾಕಿದ ಪರದೇಶಿಯ ಪಾಸು ನಿಂತುಹೋಗುತ್ತದೆ ಎಂದು ನಮಗೆ ಯಾರೂ ಹೇಳಿರಲಿಲ್ಲ. ಅಂಥ ನಿಯಮವನ್ನು ನಾನು ಎಲ್ಲೂ ಓದಿರಲಿಲ್ಲ. ಕಾನೂನು ಓದಿದವಳು, ಹುಡುಕಿ ನೋಡಬಹುದಿತ್ತು. ಹುಡುಕಲಿಲ್ಲ. ಹುಡುಕಿದರೆ ಇಲ್ಲವೆಂದು ಗೊತ್ತಾಗಿ, ಸಹಿ ಹಾಕಬೇಕಾಗುತ್ತಿತ್ತು. ಗಂಡನ ಮಾತಿಗೆ ಜಗಳವಾಡದೆ ತಲೆಯಾಡಿಸಿದೆ. ಜಗಳಗಂಟಿ ಅನ್ನಿಸಿಕೊಂಡ ನಾನು ಅಷ್ಟು ಬೇಗ ಒಪ್ಪಿಕೊಂಡದ್ದು ನೋಡಿ ಅವರಿಗೇ ಆಶ್ಚರ್ಯವಾಗಿರಬೇಕು.

ಮರುದಿನದ ಪಾಠ ಜನರ ಹಕ್ಕುಗಳದ್ದು. ಡೆನ್ಮಾರ್ಕಿನ ಒಂದು ಊರಿನಲ್ಲಿ ಆದ ಒಪ್ಪಂದ: ಪರಿಸರದ ವಿಷಯದಲ್ಲಿ ಮಾಹಿತಿ ಕೇಳುವ ಹಕ್ಕು, ತೀರ್ಮಾನದಲ್ಲಿ ಪಾಲ್ಗೊಳ್ಳುವ ಹಕ್ಕು, ನ್ಯಾಯಾಲಯಕ್ಕೆ ಹೋಗುವ ಹಕ್ಕು. ಮಲೇಷಿಯಾ ಅದಕ್ಕೆ ಸೇರಿಲ್ಲ, ಭಾರತವೂ ಇಲ್ಲ. ಆಮೇಲೆ ಒಕ್ಕೂಟದ ಲಕ್ಸೆಂಬರ್ಗಿನ ನ್ಯಾಯಾಲಯದ ಹಳೆಯ ಪಟ್ಟನ್ನು ವಿವರಿಸಿದೆ. ಒಕ್ಕೂಟದ ನಿರ್ಧಾರವನ್ನು ಪ್ರಶ್ನಿಸಲು ಒಬ್ಬ ಸಾಮಾನ್ಯ ಮನುಷ್ಯ ಅಲ್ಲಿಗೆ ಹೋಗಬೇಕಾದರೆ, ಉಳಿದೆಲ್ಲರಿಗಿಂತ ಬೇರೆಯಾಗಿ ತನಗೇ ಪೆಟ್ಟು ಬಿದ್ದಿದೆ ಎಂದು ತೋರಿಸಬೇಕು. ಕೆಲವು ಸಂಸಾರಗಳು ಹವಾಮಾನದ ವಿಷಯಕ್ಕೆ ಹೋಗಿ ಅದೇ ಬಾಗಿಲಲ್ಲಿ ಎಡವಿ ವಾಪಸಾಗಿದ್ದು ಆ ವರ್ಷವೇ. ಎಲ್ಲರಿಗೂ ಪೆಟ್ಟು ಬಿದ್ದರೆ ಯಾರಿಗೂ ಬಿದ್ದಿಲ್ಲ ಎಂದ ಹಾಗಾಯಿತಲ್ಲ ಮೇಡಂ ಎಂದು ಒಬ್ಬ ಹುಡುಗಿ ಕೇಳಿದಳು. ಭೇಷ್ ಎಂದೆ. ಅವಳೇ ಮುಂದುವರಿದು, ಡೆನ್ಮಾರ್ಕಿನ ಒಪ್ಪಂದದಲ್ಲಿ ‘ಜನರು’ ಅಂದರೆ ಆ ದೇಶದ ಪ್ರಜೆಗಳು ಮಾತ್ರವೇ ಎಂದು ಕೇಳಿದಳು. ಇಲ್ಲ, ಪೌರತ್ವ ಯಾವುದು, ಮನೆ ಎಲ್ಲಿ ಎಂದು ಭೇದ ಮಾಡಬಾರದೆಂದು ಸ್ಪಷ್ಟವಾಗಿ ಬರೆದಿದೆ, ಪರದೇಶಿಗೂ ಅದೇ ಹಕ್ಕು ಎಂದೆ. ಹೇಳುವಾಗ ನಾಲಿಗೆ ತಡವರಿಸಲೂ ಇಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ಗಾದೆ ಕಟ್ಟಿದವರು ನನ್ನಂಥವಳನ್ನು ನೋಡಿಯೇ ಕಟ್ಟಿರಬೇಕು.

ಅದೇ ದಿನ ಮಧ್ಯಾಹ್ನ ತರಕಾರಿ ತರಲು ಕೆಳಗಿಳಿದೆ. ಕಾಗದದ ಮೇಲೆ ಮೊದಲ ಹೆಸರು ಬಿದ್ದಿತ್ತು. ಅಕ್ಕನದು. ದೊಡ್ಡ ದೊಡ್ಡ ಅಕ್ಷರ, ಮನೆ ಸಂಖ್ಯೆ, ಗುರುತಿನ ಸಂಖ್ಯೆ, ಫೋನು, ಏನೂ ಬಿಟ್ಟಿರಲಿಲ್ಲ. ಆ ಹೆಸರು ಬಿದ್ದ ಮೇಲೆ ಉಳಿದವರಿಗೆ ಧೈರ್ಯ ಬಂತೋ ನಾಚಿಕೆ ಬಂತೋ, ಸಂಜೆಯೊಳಗೆ ಹನ್ನೊಂದು ಸಹಿಗಳಾದವು. ಫೋನಿನ ಜಾಗವನ್ನು ಮಾತ್ರ ಅವರೆಲ್ಲ ಖಾಲಿ ಬಿಟ್ಟಿದ್ದರು. ಅಕ್ಕ ಕಾರಿಡಾರಿನಲ್ಲಿ ಸಿಕ್ಕಾಗ, ಗಂಡನಿಗೆ ಹೇಳಿದ್ದೀರಾ ಎಂದು ಕೇಳಿದೆ. ಹೇಳಿದ್ದಾರಂತೆ. ಅವರು ಎರಡು ದಿನ ಮಾತು ಬಿಟ್ಟು, ಮೂರನೆಯ ದಿನ ಮಗಳಿಗೆ ನೆಬ್ಯುಲೈಜರ್ ಹಿಡಿದು ಕೂತಾಗ, ಹಾಕು ಎಂದರಂತೆ. ಇಷ್ಟು ಹೇಳಿ ಅಕ್ಕ, ಏನೋ ಸಣ್ಣ ವಿಷಯ ಕೇಳುವ ಹಾಗೆ ಕೇಳಿದರು:

“ನಿಮ್ ಹೆಸರು ಕಾಣಿಸ್ಲಿಲ್ವಲ್ಲ ಟೀಚರ್?”

ಪಾಸಿನ ವಿಷಯ ಹೇಳಿದೆ. ಉದ್ದಕ್ಕೆ ಹೇಳಿದೆ, ಇಂಗ್ಲಿಷಿನಲ್ಲಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹೌದೌದು, ನಿಮ್ಮದು ಕಷ್ಟ ಎಂದರು. ನನ್ನ ಕಷ್ಟಕ್ಕೆ ಅವರು ಮರುಗಿದ್ದು ನಿಜವಾಗಿಯೇ. ಅದನ್ನು ತಡೆದುಕೊಳ್ಳಲು ನನಗೆ ಆಗಲಿಲ್ಲ, ಹಾಲು ಒಲೆಯ ಮೇಲಿದೆ ಎಂದು ಸುಳ್ಳು ಹೇಳಿ ಒಳಗೆ ಬಂದೆ.

ಇಲಾಖೆಯ ಅಧಿಕಾರಿ ಹತ್ತು ದಿನದಲ್ಲೇ ಬಂದ. ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಕಾಗದದಲ್ಲಿ ಫೋನ್ ಸಂಖ್ಯೆ ಇದ್ದದ್ದು ಒಬ್ಬರದೇ, ಹಾಗಾಗಿ ಅಕ್ಕನಿಗೇ ಫೋನು ಮಾಡಿ, ಎಲ್ಲಿ ಸುಡುತ್ತಾರೆ ತೋರಿಸಿ ಎಂದು ಕೆಳಗೆ ಕರೆದ. ನಾನು ಬಾಲ್ಕನಿಯಿಂದ ನೋಡಿದೆ. ಅಕ್ಕ ಒಬ್ಬರೇ ನಿಂತಿದ್ದರು. ಬೇಲಿಯ ಆಚೆ ಅವರ ಗಂಡ ಫೋರ್ಕ್‌ಲಿಫ್ಟಿನ ಮೇಲೆ, ಯಂತ್ರ ನಿಲ್ಲಿಸಿಕೊಂಡು, ಇತ್ತಲೇ ನೋಡುತ್ತಿದ್ದರು. ಅವರ ಪಕ್ಕದಲ್ಲಿ ಮೇಸ್ತ್ರಿ. ನನಗೆ ತಡೆಯಲಾಗಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಓಡಿದೆ. ಅಕ್ಕನ ಪಕ್ಕ ಹೋಗಿ ನಿಂತಾಗ ಅವರು ನನ್ನ ಕಡೆ ತಿರುಗಿದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಅಧಿಕಾರಿ ಪಟ್ಟಿ ನೋಡಿ, ಇವರೂ ದೂರು ಕೊಟ್ಟವರೇ ಎಂದು ಮಲಯದಲ್ಲಿ ಕೇಳಿದ.

“ಜಿರಾನ್ ಸಹಜಾ,” ಎಂದೆ. ಬರೀ ನೆರೆಯವಳು.

ಅದು ನನ್ನ ಬಾಯಿಂದ ಹೇಗೆ ಬಂತು ಎಂದು ಇವತ್ತಿಗೂ ಕೇಳಿಕೊಳ್ಳುತ್ತೇನೆ. ಓಡಿ ಬಂದದ್ದು ಹೌದು ಎನ್ನಲಿಕ್ಕೇ. ಬೇಲಿಯಾಚೆಯ ಮೇಸ್ತ್ರಿ ನಮ್ಮನ್ನೇ ನೋಡುತ್ತಿದ್ದ, ಅಧಿಕಾರಿಯ ಪೆನ್ನು ಕಾಗದದ ಮೇಲಿತ್ತು, ಹೆಸರು ಹೇಳಿದರೆ ಬರೆದುಕೊಳ್ಳುತ್ತಿದ್ದ. ಅಷ್ಟೇ. ಅಧಿಕಾರಿ ತಲೆಯಾಡಿಸಿ ಅಕ್ಕನ ಕಡೆಗೆ ತಿರುಗಿದ. ಅಕ್ಕ ಕೈ ಎತ್ತಿ ಬೇಲಿಯ ಮೂಲೆಯ ಕರಿ ಹಿಡಿದ ನೆಲವನ್ನು ತೋರಿಸಿದರು. ಗಂಡನ ಕಡೆ ಅವರು ಒಂದು ಸಲವೂ ನೋಡಲಿಲ್ಲ.

ಬೆಂಕಿ ನಿಂತಿತು. ನೋಟಿಸು ಬಂತು, ತಿಂಗಳೊಳಗೆ ಯಾರ್ಡಿನ ಬಾಗಿಲಿಗೆ ಬೀಗ ಬಿತ್ತು. ಮಾಲನ್ನು ಬೇರೆ ಕಡೆಗೆ ಸಾಗಿಸಿದರಂತೆ. ಅದು ಎಲ್ಲಿ, ಅಲ್ಲಿ ಯಾರ ಮಕ್ಕಳಿದ್ದಾರೆ, ನನಗೆ ಗೊತ್ತಿಲ್ಲ. ಉಳಿದ ಕೆಲಸದವರನ್ನು ಹೊಸ ಜಾಗಕ್ಕೆ ಕರೆದುಕೊಂಡ ಮೇಸ್ತ್ರಿ ಅಕ್ಕನ ಗಂಡನಿಗೆ ಮಾತ್ರ ನೀನು ಬೇಡ ಎಂದ. ಆ ಒಂದು ಸಾಲು ಅರ್ಜಿಯಲ್ಲಿದ್ದಿದ್ದರೆ ಅವರ ಕೆಲಸ ಉಳಿಯುತ್ತಿತ್ತೆ? ಬಹುಶಃ ಇಲ್ಲ. ಆದರೆ ಅಧಿಕಾರಿ ಅದನ್ನು ಓದುತ್ತಿದ್ದ, ಮೇಸ್ತ್ರಿಗೆ ಒಂದು ಮಾತು ಕೇಳಿದರೂ ಕೇಳುತ್ತಿದ್ದ. ಕೇಳುವುದಕ್ಕೂ ನಾನು ಜಾಗ ಬಿಟ್ಟಿರಲಿಲ್ಲ. ನಮ್ಮ ಪಾಸು ಆಮೇಲೆ ಯಾವ ತಕರಾರೂ ಇಲ್ಲದೆ ಬಂತು. ಗಂಡ ಸಿಹಿ ತಂದರು. ನನಗೆ ತಿನ್ನಲಾಗಲಿಲ್ಲ, ಅವರ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ. ಪಾಪ, ಅವರದೇನು ತಪ್ಪು? ತಲೆಯಾಡಿಸಿದವಳು ನಾನು.

ಎರಡು ತಿಂಗಳು ಹುಡುಕಿದ ಮೇಲೆ ಅಕ್ಕನ ಗಂಡನಿಗೆ ವಿಮಾನ ನಿಲ್ದಾಣದ ಕಡೆ ಒಂದು ಗೋದಾಮಿನಲ್ಲಿ ಕೆಲಸ ಸಿಕ್ಕಿತು, ರಾತ್ರಿ ಪಾಳಿ, ಸಂಬಳ ಮುಂಚಿಗಿಂತ ಕಡಿಮೆ. ಮನೆ ಖಾಲಿ ಮಾಡಿದರು. ಹೊರಡುವ ದಿನ ಬೆಳಿಗ್ಗೆ ನಾನು ಬಿಸಿಬೇಳೆ ಬಾತ್ ಮಾಡಿ, ದಾರಿಗಿರಲಿ ಎಂದು ಡಬ್ಬಿಗೆ ಹಾಕಿಕೊಂಡು ಹೋದೆ. ರಾತ್ರಿಯಿಡೀ ಜೋಡಿಸಿಟ್ಟುಕೊಂಡಿದ್ದ ಮಾತು ಕಾರಿಡಾರಿಗೆ ಬರುವಷ್ಟರಲ್ಲಿ ಚೂರುಚೂರಾಯಿತು. ನಾನು ಸಹಿ ಹಾಕಬೇಕಿತ್ತು ಅಕ್ಕ, ನಿಮ್ಮ ಸಾಲು ಬರೆಯಬೇಕಿತ್ತು, ಅವತ್ತು ಕೆಳಗೆ ಹಾಗೆ ಹೇಳಬಾರದಿತ್ತು ಎಂದೆ. ಅಳು ಬಂತು. ಅವರು ಡಬ್ಬಿಯನ್ನು ಕೈಯಿಂದ ಕೈಗೆ ಬದಲಾಯಿಸಿಕೊಂಡು, ನನ್ನನ್ನು ಸಮಾಧಾನ ಮಾಡುವ ದನಿಯಲ್ಲೇ ಹೇಳಿದರು:

“ನನಗೆ ಬರೆಯೋಕೆ ಬರ್ತಿರ್ಲಿಲ್ಲ ಟೀಚರ್, ನೀವು ಬರ್ದ್ರಿ. ಸಹಿ ಹಾಕೋಕೆ ನನಗೆ ಬರ್ತಿತ್ತು, ನಾನು ಹಾಕ್ದೆ.”

ಆ ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಲಿಫ್ಟಿನಲ್ಲಿ ಆಗ ಇಬ್ಬರಿಗಷ್ಟೇ ಜಾಗ, ಅದನ್ನೂ ಪೆಟ್ಟಿಗೆಗಳು ತುಂಬಿಕೊಂಡಿದ್ದವು. ನಾನು ಮೆಟ್ಟಿಲಲ್ಲಿ ಇಳೀತೀನಿ ಎಂದು ಹುಡುಗಿ ಓಡಿಬಿಟ್ಟಳು. ನಮ್ಮದು ಒಂಬತ್ತನೆಯ ಮಹಡಿ. ನಿಧಾನ ಎಂದು ಅಕ್ಕ ಕೂಗಿದರು. ಆಮೇಲೆ ಇಬ್ಬರೂ ಮೆಟ್ಟಿಲ ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತೆವು. ಪಟಪಟ ಹೆಜ್ಜೆ ಕೇಳಿಸುತ್ತಿತ್ತು. ಎಂಟು, ಏಳು, ಆರು. ಎಲ್ಲಾದರೂ ನಿಲ್ಲುತ್ತಾಳೇನೋ, ಗೋಡೆ ಹಿಡಿದು ಕೂರುತ್ತಾಳೇನೋ ಎಂದು ಅಕ್ಕನ ಮುಖ ಬಿಗಿದಿತ್ತು. ಹೆಜ್ಜೆ ನಿಲ್ಲಲಿಲ್ಲ. ಸದ್ದು ಸಣ್ಣದಾಗುತ್ತ ಹೋಗಿ, ಕೊನೆಗೆ ಕೆಳಗಿನಿಂದ, ‘ಅಮ್ಮಾ, ನಾನೇ ಫಸ್ಟು’ ಎಂಬ ಕೂಗು ಒಂಬತ್ತು ಮಹಡಿ ಏರಿ ಬಂತು, ಒಂದೇ ಉಸಿರಿನಲ್ಲಿ. ಅಕ್ಕ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಜೋರಾಗಿ ಅತ್ತರು. ನಾನು ಅವರ ಬೆನ್ನ ಮೇಲೆ ಕೈ ಇಡಲು ಹೋಗಿ, ಹಿಂದಕ್ಕೆ ತೆಗೆದುಕೊಂಡೆ. ಆ ಅಳುವಿನಲ್ಲಿ ನನಗೆ ಪಾಲಿರಲಿಲ್ಲ.